"ಏನೂ ಅರ್ಥ ಆಗ್ತಿಲ್ಲ ಸಾರ್": ಕಾಲೇಜು ಮಕ್ಕಳ ಕಲಿಕೆಯ ತೊಡಕುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ಒಂದು ಡಿಗ್ರಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಜೊತೆಗೆ ಒಂದಷ್ಟು ಹುಡುಗರ ಓದು, ಕಷ್ಟ ವಿಚಾರಿಸಿಕೊಳ್ಳುವ ಮೆಂಟರ್ ಕೆಲಸವೂ ಇದೆ. ಸ್ಟಾಫ್ ರೂಮಿನಲ್ಲಿ, ಪೋಷಕರ ಸಭೆಯಲ್ಲಿ, ಕೆಲವು ಸಲ ಬಸ್ ಸ್ಟ್ಯಾಂಡಿನಲ್ಲೂ ಜನ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಕಲಿಕೆಯ ತೊಡಕನ್ನು ಹುಡುಗರೇ ಬಿಡಿಸಿಕೊಳ್ಳಲು ಕಲಿಯಬೇಕು ಅಂತ ನಾನು ಹೇಳುತ್ತಿರುತ್ತೇನೆ, ಪ್ರಶ್ನೆಗಳು ಹುಟ್ಟುವುದೂ ಅಲ್ಲಿಂದಲೇ. ಉಪನ್ಯಾಸಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಅಪ್ಪ ಅಮ್ಮಂದಿರೂ ಓದಬಹುದು, ಹುಡುಗರು ಓದಿದರೆ ಇನ್ನೂ ಒಳ್ಳೆಯದು.

ಕಲಿಕೆಯ ತೊಂದರೆಯನ್ನು ಹುಡುಗರೇ ಬಗೆಹರಿಸಿಕೊಳ್ಳಬೇಕು ಅಂದರೆ ಮೇಷ್ಟ್ರು ಯಾಕೆ ಬೇಕು?

ಬೇಕೇ ಬೇಕು. ತೊಂದರೆ ಎಲ್ಲಿದೆ ಅಂತ ಹುಡುಕಿಸಲು ಬೇಕು, ಯಾರನ್ನು ಕೇಳಬೇಕು ಅಂತ ದಾರಿ ತೋರಿಸಲು ಬೇಕು, ಮಾಡಿಕೊಂಡು ಬಂದದ್ದು ಸರಿ ಇದೆಯಾ ಅಂತ ನೋಡಲು ಬೇಕು. ಆದರೆ ನಾವು ಈಗ ಮಾಡುತ್ತಿರುವುದೇ ಬೇರೆ. ನೋಟ್ಸ್ ನಾವೇ ಬರೆದು ಕೊಡುತ್ತೇವೆ, ಇಂಪಾರ್ಟೆಂಟ್ ಪ್ರಶ್ನೆಗೆ ಟಿಕ್ ನಾವೇ ಹಾಕುತ್ತೇವೆ, ಅಸೈನ್‌ಮೆಂಟ್ ಕೊಡದವರ ಹಿಂದೆ ನಾವೇ ಓಡುತ್ತೇವೆ, ಇಷ್ಟೆಲ್ಲಾ ಆದಮೇಲೆ "ಈಗಿನ ಹುಡುಗರಿಗೆ ಜವಾಬ್ದಾರಿಯೇ ಇಲ್ಲ" ಅಂತ ಟೀ ಕುಡಿಯುತ್ತಾ ಬೈಯುತ್ತೇವೆ. ಇಪ್ಪತ್ತು ವರ್ಷದವರಿಗೆ ತುತ್ತು ಮಾಡಿ ಬಾಯಿಗಿಟ್ಟರೆ ಅವರು ತಟ್ಟೆ ಕಡೆ ಯಾಕೆ ನೋಡುತ್ತಾರೆ?

ಇದರ ಉಲ್ಟಾ ತಪ್ಪೂ ಇದೆ. "ಇದು ಕಾಲೇಜು, ನಿಂದು ನೀನು ನೋಡ್ಕೋ" ಅಂತ ಕೈ ತೊಳೆದುಕೊಳ್ಳುವುದು. ಈಜು ಬಾರದವರು ಅದರಲ್ಲಿ ಮುಳುಗುತ್ತಾರೆ, ಮತ್ತು ಹಾಗೆ ಮುಳುಗುವವರು ಸಾಮಾನ್ಯವಾಗಿ ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರೇ. ನಾನು ಹೇಳುವುದು ಇಷ್ಟು: ತೊಂದರೆಯನ್ನು ಹುಡುಗರ ಕೈಯಿಂದ ಕಿತ್ತುಕೊಳ್ಳಬೇಡಿ, ಅವರನ್ನು ಒಂಟಿಯಾಗಿಯೂ ಬಿಡಬೇಡಿ. ಪಕ್ಕದಲ್ಲಿ ಕೂತು ಅವರ ಕೈಯಲ್ಲೇ ಬಿಡಿಸಿ.

"ಏನೂ ಅರ್ಥ ಆಗ್ತಿಲ್ಲ ಸಾರ್" ಅಂತ ಬಂದು ನಿಂತರೆ ಏನು ಹೇಳೋದು?

ಇಡೀ ಪಾಠ ಮತ್ತೆ ಶುರು ಮಾಡಬೇಡಿ. ಅದು ಸುಲಭ, ನಮಗೆ ಖುಷಿಯೂ ಹೌದು, ಆದರೆ ಪ್ರಯೋಜನ ಕಮ್ಮಿ.

"ಏನೂ" ಅನ್ನುವುದು ಯಾವತ್ತೂ ನಿಜ ಇರುವುದಿಲ್ಲ. ಒಂದು ಉದಾಹರಣೆ ಹೇಳುತ್ತೇನೆ. ಬಿ.ಕಾಂ. ಮೊದಲ ವರ್ಷದ ಹುಡುಗಿ, ಆಲೂರಿನ ಕಡೆಯವಳು, ಅಕೌಂಟ್ಸ್ ತಲೆಗೇ ಹತ್ತುತ್ತಿಲ್ಲ, ಬಿ.ಎ.ಗೆ ಹೋಗಿಬಿಡ್ತೀನಿ ಅಂದಳು. "ಆಯ್ತಮ್ಮ, ಹೋಗು. ಅದಕ್ಕೆ ಮೊದಲು ಈ ಒಂದು ಲೆಕ್ಕ ನನ್ನ ಮುಂದೆ ಮಾಡು" ಅಂದೆ. ಫೈನಲ್ ಅಕೌಂಟ್ಸ್ ಲೆಕ್ಕ. ಟ್ರೇಡಿಂಗ್ ಅಕೌಂಟ್ ಸರಿಯಾಗಿ ಬಂತು. ಸಂಬಳ 44,000, ಅಡ್ಜಸ್ಟ್‌ಮೆಂಟಿನಲ್ಲಿ (ಲೆಕ್ಕದ ಕೆಳಗೆ ಬೇರೆಯಾಗಿ ಕೊಡುವ ಸೂಚನೆ) ಬಾಕಿ ಸಂಬಳ 4,000 ಕೊಟ್ಟಿತ್ತು. ಪಿ ಅಂಡ್ ಎಲ್‌ನಲ್ಲಿ (ಲಾಭ ನಷ್ಟದ ಖಾತೆ) 48,000 ಮಾಡಿ, ಬ್ಯಾಲೆನ್ಸ್ ಶೀಟಿನ ಲಯಬಿಲಿಟಿ (ಕೊಡಬೇಕಾದದ್ದು) ಕಡೆ 4,000 ಬರೆದಳು. ಅದೂ ಸರಿ. ಆದರೆ ಔಟ್‌ಸ್ಟ್ಯಾಂಡಿಂಗ್ ರೆಂಟ್ (ಬಾಕಿ ಬಾಡಿಗೆ) 3,000 ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲ ಖಾತೆಗಳ ಮೊತ್ತದ ಪಟ್ಟಿಯ ಒಳಗೇ ಇತ್ತು. ಅದನ್ನೂ ಅವಳು ಬಾಡಿಗೆಗೆ ಕೂಡಿಸಿ, ಮತ್ತೆ ಲಯಬಿಲಿಟಿ ಕಡೆಯೂ ತೋರಿಸಿದಳು. ಶೀಟು ಸರಿಯಾಗಿ 3,000 ರೂಪಾಯಿಗೆ ಟ್ಯಾಲಿ ಆಗಲಿಲ್ಲ. ಪೆನ್ ಕೆಳಗಿಟ್ಟು "ನೋಡಿ ಸಾರ್, ಯಾವಾಗಲೂ ಹೀಗೇ" ಅಂದಳು.

ಆಗ ನಾನು ಉತ್ತರ ಹೇಳಲಿಲ್ಲ. "ಎಷ್ಟು ವ್ಯತ್ಯಾಸ ಬಂತು? ಆ ಮೊತ್ತ ಲೆಕ್ಕದಲ್ಲಿ ಎಲ್ಲಿದೆ?" ಅಂತಷ್ಟೇ ಕೇಳಿದೆ. ಹುಡುಕಿದಳು. ಸಂಬಳ ಹೊರಗಿನಿಂದ ಬಂತು, ಬಾಡಿಗೆ ಒಳಗೇ ಇತ್ತು ಅನ್ನುವುದನ್ನು ಅವಳೇ ಬೆರಳಿಟ್ಟು ತೋರಿಸಿದಳು. ಹೊರಗಿನ ಅಡ್ಜಸ್ಟ್‌ಮೆಂಟ್ ಎರಡು ಕಡೆ, ಟ್ರಯಲ್ ಬ್ಯಾಲೆನ್ಸ್ ಒಳಗಿದ್ದದ್ದು ಒಂದೇ ಕಡೆ. ಇಡೀ "ಅಕೌಂಟ್ಸ್ ಬರಲ್ಲ" ಅನ್ನುವ ಭಯ ನಿಂತಿದ್ದದ್ದು ಈ ಒಂದು ಜಾಗದ ಮೇಲೆ. ಪ್ರೀಪೇಯ್ಡ್ ಇನ್ಶೂರೆನ್ಸ್ ಇರುವ ಇನ್ನೊಂದು ಲೆಕ್ಕ ಮನೆಯಲ್ಲಿ ಮಾಡಿಕೊಂಡು ಬಾ ಅಂತ ಕಳಿಸಿದೆ.

ಹಾಗಾಗಿ ಮೂರು ಪ್ರಶ್ನೆ ಇಟ್ಟುಕೊಳ್ಳಿ. ಎಲ್ಲಿಯವರೆಗೆ ಬಂತು? ಅಲ್ಲಿ ಸಿಕ್ಕಿಕೊಂಡ ಮೇಲೆ ಏನೇನು ಮಾಡಿ ನೋಡಿದೆ? ಈಗ ಏನು ಮಾಡ್ತೀಯ, ಯಾವತ್ತು ತೋರಿಸ್ತೀಯ? ಎರಡನೇ ಪ್ರಶ್ನೆಗೆ ಮೊದಮೊದಲು ಮೌನವೇ ಉತ್ತರ. ಬೈಯಬೇಡಿ. "ಹೋಗಿ ಎರಡು ಉಪಾಯ ಮಾಡಿ ನೋಡಿ ಬಾ, ಆಮೇಲೆ ನಾನಿದ್ದೀನಿ" ಅನ್ನಿ. ಅರ್ಧ ಜನ ಉಪಾಯ ಮಾಡುವಾಗಲೇ ದಾರಿ ಕಂಡುಕೊಂಡಿರುತ್ತಾರೆ.

ಕೇಳೋಕೆ ಬರುವವರ ಕಥೆ ಸರಿ. ಬರದೇ ಇರುವವರು?

ನಿಜವಾದ ಕಷ್ಟ ಇವರದೇ. "ಅರ್ಥ ಆಯ್ತಾ?" ಅಂದರೆ "ಆಯ್ತು ಸಾರ್" ಅಂತ ಕ್ಲಾಸೇ ಒಂದೇ ದನಿಯಲ್ಲಿ ಹೇಳುತ್ತದೆ. ಅದಕ್ಕೆ ಅರ್ಥ, ಬೆಲ್ ಹೊಡೆಯುವ ಹೊತ್ತಾಯಿತು ಅಂತ. ಪಿಯುಸಿಯಲ್ಲಿ ಪ್ರಶ್ನೆ ಕೇಳಿ ನಗೆಪಾಟಲಾದವರು ಡಿಗ್ರಿಯಲ್ಲಿ ಬಾಯಿ ಬಿಡುವುದಿಲ್ಲ.

ಆ ಪ್ರಶ್ನೆಯನ್ನೇ ಬಿಟ್ಟುಬಿಡಿ. ಕೊನೆಯ ಐದು ನಿಮಿಷ ಒಂದು ಚೀಟಿ ಕೊಡಿ, ಹೆಸರು ಬೇಡ. ಇವತ್ತಿನ ಪಾಠದಲ್ಲಿ ಎಲ್ಲಿ ಕೈ ತಪ್ಪಿತು ಅಂತ ಒಂದೇ ಸಾಲು, ಕನ್ನಡದಲ್ಲಾದರೂ ಸರಿ. ಮಾರನೇ ದಿನ ಅದರಲ್ಲಿ ಹೆಚ್ಚು ಬಂದ ಒಂದೆರಡನ್ನು ಓದಿ. "ಹತ್ತು ಜನಕ್ಕೆ ಇದೇ ಜಾಗದಲ್ಲಿ ತೊಡಕಾಗಿದೆ" ಅಂತ ಗೊತ್ತಾದರೆ ಹನ್ನೊಂದನೆಯವನಿಗೆ ಧೈರ್ಯ ಬರುತ್ತದೆ. ಸ್ವಲ್ಪ ದಿನ ಆದಮೇಲೆ ಹೆಸರು ಬರೆಯಲು ಹೇಳಿ. ಬರೆಯುತ್ತಾರೆ.

ಪಿಯುಸಿಯಲ್ಲಿ 85 ಪರ್ಸೆಂಟ್ ತಗೊಂಡವಳು ಮೊದಲ ಸೆಮ್‌ನಲ್ಲೇ ಎರಡು ಸಬ್ಜೆಕ್ಟ್ ಹೋಯ್ತು ಅಂತಾಳೆ. ಬುದ್ಧಿ ಎಲ್ಲಿ ಹೋಯ್ತು?

ಬುದ್ಧಿ ಅಲ್ಲೇ ಇದೆ. ಪಿಯುಸಿಗೆ ಯಾವ ಪಾಠಕ್ಕೆ ಎಷ್ಟು ಅಂಕ ಅಂತ ಹೇಳುವ ಬ್ಲೂಪ್ರಿಂಟ್ ಇತ್ತು, ಹಳೇ ಪ್ರಶ್ನೆಪತ್ರಿಕೆಗಳ ರಾಶಿ ಇತ್ತು, "ಪಾಸಿಂಗ್ ಪ್ಯಾಕೇಜ್" ಇತ್ತು, ಸಂಜೆ ಟ್ಯೂಷನ್ ಇತ್ತು. ಬೆಳಿಗ್ಗೆ ಏನು ಓದಬೇಕು ಅಂತ ಬೇರೆ ಯಾರೋ ನಿರ್ಧರಿಸುತ್ತಿದ್ದರು. ಡಿಗ್ರಿಯಲ್ಲಿ ಆ ಯಾರೋ ಇಲ್ಲ. ಸೆಮಿಸ್ಟರ್ ನಾಲ್ಕೇ ತಿಂಗಳು, ಅದರಲ್ಲಿ ಗಣಪತಿ, ದಸರಾ, ದೀಪಾವಳಿ, ಯೂತ್ ಫೆಸ್ಟಿವಲ್ ಎಲ್ಲ ಕಳೆದರೆ ಉಳಿಯುವುದು ಬಹಳ ಕಮ್ಮಿ. ಇದರ ಮೇಲೆ ನಿಯಮಗಳೂ ಬದಲಾಗುತ್ತಾ ಬಂದವು. 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, 2024ರಲ್ಲಿ ರಾಜ್ಯ ಸರ್ಕಾರ ನಾಲ್ಕು ವರ್ಷದ ಆನರ್ಸ್ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಮರಳಿತು. ಅಕ್ಕ ಓದಿದ ಸಿಲಬಸ್ ತಂಗಿಗೆ ಇಲ್ಲ, ಅಕ್ಕನ ನೋಟ್ಸ್ ರದ್ದಿಗೆ.

ಹಾಗಾಗಿ ಮೊದಲ ಸೆಮ್‌ನ ಮೊದಲ ವಾರದಲ್ಲೇ ಸಿಲಬಸ್ ಕಾಪಿ ಹುಡುಗರ ಕೈಗೆ ಹೋಗಬೇಕು. ಯಾವ ಯೂನಿಟ್ ಎಷ್ಟು ಗಂಟೆ, ಇಂಟರ್ನಲ್ಸ್‌ಗೆ (ಕಾಲೇಜೇ ಕೊಡುವ ಅಂಕ) ಎಷ್ಟು, ಅಟೆಂಡೆನ್ಸ್ ಎಷ್ಟು ಬೇಕು ಅಂತ ಅವರೇ ಓದಿ ನಮಗೆ ಹೇಳಬೇಕು. ಇಂಜಿನಿಯರಿಂಗ್‌ನವರಿಗೂ ಅಷ್ಟೆ. ಇಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯ ವಿಟಿಯುವಿನ 2022ರ ಸ್ಕೀಮಿನಲ್ಲಿ 100ಕ್ಕೆ 50 ಅಂಕ ಕಾಲೇಜಿನ ಒಳಗೇ ಇದೆ, ಹಾಜರಾತಿ 85 ಪರ್ಸೆಂಟ್ ಕೇಳುತ್ತಾರೆ. ಇದನ್ನು ಹಾಲ್ ಟಿಕೆಟ್ ತಡೆಹಿಡಿದ ದಿನ ತಿಳಿದುಕೊಳ್ಳುವವರು ಇಂದಿಗೂ ಇದ್ದಾರೆ.

ಕನ್ನಡ ಮೀಡಿಯಂನಿಂದ ಬಂದವರಿಗೆ ಇಂಗ್ಲಿಷೇ ತೊಂದರೆ. ಅದಕ್ಕೆ ಅವರೇನು ಮಾಡೋಕಾಗುತ್ತೆ?

ಬಹಳ ಮಾಡಬಹುದು. ಮೊದಲು ತೊಂದರೆ ಇಂಗ್ಲಿಷಿನದಾ, ವಿಷಯದ್ದಾ ಅಂತ ಬಿಡಿಸಿ ನೋಡಬೇಕು. ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಪುಸ್ತಕ ಮುಚ್ಚಿಸಿ, ಆ ಟಾಪಿಕ್ಕನ್ನು ಕನ್ನಡದಲ್ಲೇ, ಮನೆಯಲ್ಲಿ ತಮ್ಮನಿಗೆ ಹೇಳುವ ಹಾಗೆ ಹೇಳಿಸಿ. ಸರಾಗವಾಗಿ ಹೇಳಿದರೆ ವಿಷಯ ಗೊತ್ತಿದೆ, ಬರೆಯುವುದು ಕಲಿಯಬೇಕು. ಕನ್ನಡದಲ್ಲೂ ತಡವರಿಸಿದರೆ ಇಂಗ್ಲಿಷಿನ ಮೇಲೆ ತಪ್ಪು ಹೊರಿಸಿ ಪ್ರಯೋಜನ ಇಲ್ಲ.

ಬರೆಯುವುದು ಮಾತ್ರ ಕಷ್ಟ ಇರುವವರಿಗೆ ದಿನಕ್ಕೆ ಒಂದು ಪ್ಯಾರಾ ಸಾಕು. ಮೊದಲು ಕನ್ನಡದಲ್ಲಿ ನಾಲ್ಕು ಸಾಲು, ಆಮೇಲೆ ಅದನ್ನೇ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯದಲ್ಲಿ. ಗೈಡಿನ ಉದ್ದುದ್ದ ವಾಕ್ಯ ಬಾಯಿಪಾಠ ಮಾಡುವವರು ಮಧ್ಯೆ ಒಂದು ಪದ ಮರೆತರೆ ಇಡೀ ಉತ್ತರ ನಿಂತುಹೋಗುತ್ತದೆ. ಸ್ವಂತ ವಾಕ್ಯ ಸೊಟ್ಟಗಿದ್ದರೂ ನಿಲ್ಲುವುದಿಲ್ಲ. ಅಕೌಂಟ್ಸ್, ಸ್ಟ್ಯಾಟಿಸ್ಟಿಕ್ಸ್ ತರಹದ ಪೇಪರಿನಲ್ಲಿ ವರ್ಕಿಂಗ್ ನೋಟ್ ಸರಿ ಇದ್ದರೆ ಗ್ರಾಮರ್ ನೋಡಿ ಯಾರೂ ಮಾರ್ಕ್ಸ್ ಕಡಿಯುವುದಿಲ್ಲ. ಬಿ.ಎ. ವಿಷಯಗಳಲ್ಲಿ ಕನ್ನಡದಲ್ಲೇ ಬರೆಯುವ ಅವಕಾಶ ಇರುವ ಕಡೆ ಅದನ್ನು ಬಳಸಿಕೊಳ್ಳಲು ನಾಚಿಕೆ ಯಾಕೆ? ಬಹಳ ಜನ ಸುಮ್ನೆ ಪ್ರೆಸ್ಟೀಜಿಗೆ ಇಂಗ್ಲಿಷ್ ಬರೆದು ಕೈ ಸುಟ್ಟುಕೊಳ್ಳುತ್ತಾರೆ.

ಕೇಳಿಸಿಕೊಂಡು ಕಲಿಯುವವರಿಗೆ ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠಗಳ ತಾಣ ಇದೆ. ಐಐಟಿಗಳು ಮತ್ತು ಐಐಎಸ್‌ಸಿ 2003ರಲ್ಲಿ ಶುರು ಮಾಡಿದ್ದು. ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್ 2017ರಿಂದ ಇದೆ. ಎರಡರಲ್ಲೂ ವೀಡಿಯೋ ಪಾಠ ಪುಕ್ಕಟೆ. ಆದರೆ ಮೊದಲ ವೀಡಿಯೋದಲ್ಲೇ ವೇಗ ನೋಡಿ ಹೆದರಿ ಬಿಡುತ್ತಾರೆ. ಸ್ಪೀಡ್ 0.75ಕ್ಕೆ ಇಟ್ಟು, ಹತ್ತು ನಿಮಿಷ ನೋಡಿ, ನಿಲ್ಲಿಸಿ ಬರೆಯಲು ಹೇಳಿ.

ಎಷ್ಟು ಓದಿದ್ರೂ ಪರೀಕ್ಷೆ ಹಾಲ್‌ನಲ್ಲಿ ಮರೆತುಹೋಗುತ್ತೆ. ಏನು ಮಾಡಲಿ?

"ಓದಿದೆ" ಅಂದರೆ ಏನು ಮಾಡಿದೆ ಅಂತ ಕೇಳಿ ನೋಡಿ. ಹತ್ತರಲ್ಲಿ ಎಂಟು ಜನ, ನೋಟ್ಸ್ ಮೂರು ನಾಲ್ಕು ಸಲ ಓದಿದೆ, ಹೈಲೈಟರ್ ಹಾಕಿದೆ ಅನ್ನುತ್ತಾರೆ. ನೋಟ್ಸ್ ಪೂರ್ತಿ ಹಳದಿ ಆಗಿರುತ್ತದೆ. ಎಲ್ಲವೂ ಇಂಪಾರ್ಟೆಂಟ್!

ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನೇ ಕಾಲೇಜು ಹುಡುಗರ ಮೇಲೆ ಪರೀಕ್ಷಿಸಿದರು. ಒಂದು ಗುಂಪು ಒಂದು ಪಾಠವನ್ನು ನಾಲ್ಕು ಅವಧಿಯೂ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪಾಠ ನೋಡದೆ ನೆನಪಿದ್ದಷ್ಟು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದುತ್ತಲೇ ಇದ್ದವರೇ ಮುಂದೆ, ಅವರಿಗೆ ಸುಮಾರು 83 ಪರ್ಸೆಂಟ್, ನೋಡದೆ ಬರೆದವರಿಗೆ 71. ಒಂದು ವಾರ ಬಿಟ್ಟು ಕೇಳಿದಾಗ ಕಥೆ ತಿರುಗಿತು. ಓದಿದವರಿಗೆ 40 ಪರ್ಸೆಂಟ್ ನೆನಪಿತ್ತು, ನೋಡದೆ ಬರೆದವರಿಗೆ 61. ಮಜಾ ಅಂದರೆ, ಮತ್ತೆ ಮತ್ತೆ ಓದಿದವರೇ ತಮಗೆ ಚೆನ್ನಾಗಿ ನೆನಪಿರುತ್ತದೆ ಅಂತ ಜಾಸ್ತಿ ನಂಬಿದ್ದರು. ಓದಿದ್ದು ಪರಿಚಯ ಇದೆ ಅನ್ನಿಸುವುದಕ್ಕೂ ಅದು ಬರುತ್ತದೆ ಅನ್ನುವುದಕ್ಕೂ ಬಹಳ ದೂರ. 2013ರಲ್ಲಿ ಡನ್ಲಾಸ್ಕಿ ಮತ್ತು ಸಂಗಡಿಗರು ಹತ್ತು ಓದುವ ವಿಧಾನಗಳನ್ನು ತೂಗಿ ನೋಡಿದಾಗಲೂ ಮೇಲೆ ಬಂದದ್ದು ಎರಡು: ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ಮತ್ತು ಒಂದೇ ದಿನ ತುಂಬಿಕೊಳ್ಳದೆ ಬಿಡಿಬಿಡಿ ದಿನಗಳಲ್ಲಿ ಓದುವುದು. ಹೈಲೈಟರ್ ಕೆಳಗಿನ ಸಾಲಿನಲ್ಲಿತ್ತು.

ಮಾಡಬೇಕಾದ್ದು ಖರ್ಚಿಲ್ಲದ ಕೆಲಸ. ಒಂದು ಸಲ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಬರೆಯಿರಿ. ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ಎರಡು ದಿನ ಬಿಟ್ಟು ಮತ್ತೆ, ಒಂದು ವಾರ ಬಿಟ್ಟು ಮತ್ತೆ. ಮೊದಲ ಸಲ ಹಾಳೆಯಲ್ಲಿ ಮೂರೇ ಸಾಲು ಬರುತ್ತದೆ, ಬೇಜಾರಾಗುತ್ತದೆ. ಆ ಬೇಜಾರು ಪರೀಕ್ಷೆ ಹಾಲ್‌ನಲ್ಲಿ ಆಗುವುದಕ್ಕಿಂತ ರೂಮಿನಲ್ಲಿ ಆಗುವುದು ವಾಸಿ ಅಲ್ವಾ?

ಕ್ಲಾಸಲ್ಲಿ ಎಲ್ಲಾ ಅರ್ಥ ಆಗುತ್ತೆ, ಮನೇಲಿ ಒಂದೂ ಬರಲ್ಲ. ಪಾಠ ಚೆನ್ನಾಗಿಲ್ಲ ಅಂತಾನಾ?

ಬಹುಶಃ ಪಾಠ ತುಂಬಾ ಚೆನ್ನಾಗಿದೆ! ಬೋರ್ಡಿನ ಮೇಲೆ ಮೇಷ್ಟ್ರು ಸರಾಗವಾಗಿ ಲೆಕ್ಕ ಬಿಡಿಸಿದರೆ ನೋಡುವವರಿಗೂ ಬಂದುಬಿಟ್ಟಿತು ಅನ್ನಿಸುತ್ತದೆ. ಹಾರ್ವರ್ಡ್‌ನ ಫಿಸಿಕ್ಸ್ ತರಗತಿಗಳಲ್ಲಿ ಮಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಕಂಡಿತು. ಹುಡುಗರೇ ಗುಂಪಿನಲ್ಲಿ ತಿಣುಕಾಡಿ ಬಿಡಿಸಿದ ತರಗತಿಯವರು ಜಾಸ್ತಿ ಕಲಿತಿದ್ದರು, ಆದರೆ ಕಮ್ಮಿ ಕಲಿತೆವು ಅಂತ ಹೇಳಿಕೊಂಡರು. ಇದನ್ನು ಹುಡುಗರಿಗೆ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ನೀವು ಬೋರ್ಡ್ ಬಿಟ್ಟು ಅವರಿಂದ ಮಾಡಿಸಿದ ದಿನ "ಸಾರ್ ಪಾಠಾನೇ ಮಾಡ್ಲಿಲ್ಲ" ಅನ್ನುವ ದೂರು ಪ್ರಿನ್ಸಿಪಾಲರ ತನಕ ಹೋಗುತ್ತದೆ.

ಬಸ್ಸಿಲ್ಲ, ಕರೆಂಟಿಲ್ಲ, ತೋಟದ ಕೆಲಸ. ಇವೆಲ್ಲ ನೆಪ ಅಲ್ಲವಾ?

ಕುಣಿಯಲಾರದವಳಿಗೆ ನೆಲ ಡೊಂಕು ಅನ್ನುವುದು ಗಾದೆ. ನಮ್ಮ ಕಡೆ ಎಷ್ಟೋ ಹುಡುಗರಿಗೆ ನೆಲ ನಿಜವಾಗಿಯೂ ಡೊಂಕೇ ಇದೆ.

ಸಕಲೇಶಪುರದಿಂದ ಹಾಸನಕ್ಕೆ 40 ಕಿಲೋಮೀಟರ್. ಅದಕ್ಕೆ ಮೊದಲು ಊರಿಂದ ಸಕಲೇಶಪುರಕ್ಕೆ ಬರಬೇಕು. ಸಕಲೇಶಪುರ, ಆಲೂರು, ಬೇಲೂರು ಕಡೆಯ ಕಾಡಂಚಿನ ಊರುಗಳಲ್ಲಿ ಕತ್ತಲಾದ ಮೇಲೆ ಆನೆ ಭಯ. ಸಂಜೆ ಲೈಬ್ರರಿಯಲ್ಲಿ ಕೂತು ಓದು ಅಂತ ಹೇಳುವುದು ನಮಗೆ ಸುಲಭ. ನಾಲ್ಕೂವರೆ ಬಸ್ ತಪ್ಪಿದರೆ ಆ ಊರಿನ ಹುಡುಗ ತೋಟದ ರಸ್ತೆಯಲ್ಲಿ ಕತ್ತಲಲ್ಲಿ ನಡೆಯಬೇಕು. ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಹೋಗುವವರದೂ ಇದೇ ಪಾಡು. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಕೈಕೊಡುತ್ತವೆ. ಅರೇಬಿಕಾ ಕಾಫಿ ಹಣ್ಣಾಗುವುದು ನವೆಂಬರ್‌ನಿಂದ, ಅದು ಮುಗಿಯುವ ಹೊತ್ತಿಗೆ ರೋಬಸ್ಟಾ. ಎಷ್ಟೋ ಸಲ ಸೆಮ್ ಪರೀಕ್ಷೆಯೂ ಅದೇ ತಿಂಗಳುಗಳಲ್ಲಿ ಬರುತ್ತದೆ. ಕೂಲಿಗೆ ಆಳು ಸಿಗದ ಸಣ್ಣ ಬೆಳೆಗಾರರ ಮನೆಯಲ್ಲಿ ಮಗ ಕುಯ್ಲಿಗೆ ನಿಲ್ಲಲೇಬೇಕು.

ಹಾಗಾಗಿ ಮೊದಲು ಒಪ್ಪಿಕೊಳ್ಳಿ: "ಹೌದಪ್ಪ, ಇದು ಕಷ್ಟಾನೇ." ಆಮೇಲೆ ಹಾಳೆಯ ಮಧ್ಯೆ ಒಂದು ಗೆರೆ ಎಳೆಸಿ. ಎಡಗಡೆ ಅವನ ಕೈಯಲ್ಲಿ ಇಲ್ಲದ್ದು: ಬಸ್ ಟೈಮ್, ಮಳೆ, ಆನೆ, ಕುಯ್ಲು. ಬಲಗಡೆ ಅವನ ಕೈಯಲ್ಲಿರುವುದು. ಬಲಗಡೆ ಮೊದಲು ಖಾಲಿ ಇರುತ್ತದೆ. ಕೂತು ಯೋಚಿಸಿದರೆ ತುಂಬುತ್ತದೆ. ಒಬ್ಬ ಹುಡುಗ ಬರೆದದ್ದು ಹೀಗಿತ್ತು: ಬೆಳಿಗ್ಗೆ ಬಸ್ಸಿನಲ್ಲಿ ಸೀಟು ಸಿಗಲ್ಲ, ಆದರೆ ಕಿವಿ ಖಾಲಿ ಇರುತ್ತೆ. ಹಿಂದಿನ ರಾತ್ರಿ ತಾನೇ ಥಿಯರಿ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಸ್ಸಿನಲ್ಲಿ ಕೇಳಲು ಶುರು ಮಾಡಿದ. ಮಧ್ಯಾಹ್ನದ ಲೀಷರ್ ಪಿರಿಯಡ್‌ನಲ್ಲಿ ಲೆಕ್ಕ ಮಾಡಿದ. ಕುಯ್ಲಿನ ಎರಡು ವಾರ ಬರಲಾಗುವುದಿಲ್ಲ ಅಂತ ಮೊದಲೇ ಬಂದು ಹೇಳಿ, ಅಸೈನ್‌ಮೆಂಟ್ ಮುಂಚೆಯೇ ಕೊಟ್ಟುಹೋದ. ಮೊದಲೇ ಬಂದು ಹೇಳುವ ಈ ಅಭ್ಯಾಸವನ್ನೇ ನಾನು ಜವಾಬ್ದಾರಿ ಅನ್ನುತ್ತೇನೆ. ಅಂಥವರಿಗೆ ನಾವೂ ಸ್ವಲ್ಪ ಬಾಗಬೇಕು. ಕುಯ್ಲು ಮುಗಿದು ತಿಂಗಳಾದ ಮೇಲೆ ಅದೇ ಕಾರಣ ಹೇಳಿಕೊಂಡು ಬಂದವರಿಗೆ ಬೇಡ.

ಲೆಕ್ಚರರೇ ಸರಿಯಾಗಿ ಪಾಠ ಮಾಡಲ್ಲ. ಅದಕ್ಕೂ ನಾವೇ ಜವಾಬ್ದಾರಾ?

ಅಲ್ಲ. ಪಾಠ ಮಾಡದಿರುವುದು ಅವರ ತಪ್ಪು. ಸರ್ಕಾರಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರ ನೇಮಕ ತಡವಾಗಿ ಅರ್ಧ ಸೆಮ್ ಪಾಠವೇ ಇಲ್ಲದ ಉದಾಹರಣೆಗಳಿವೆ. ಅದು ಖಂಡಿತ ಹುಡುಗರ ತಪ್ಪಲ್ಲ. ಆದರೆ ಪರೀಕ್ಷೆ ಬರೆಯುವವರು ನೀವೇ, ಹಾಗಾಗಿ ಸುಮ್ಮನೆ ಕೂರುವುದು ನಿಮಗೇ ನಷ್ಟ.

ದೂರು ಹೇಳಲು ಒಂದು ಕ್ರಮ ಇದೆ. "ಸಾರ್ ಚೆನ್ನಾಗಿ ಮಾಡಲ್ಲ" ಅಂದರೆ ಯಾರೂ ಕೇಳುವುದಿಲ್ಲ. "ಎರಡನೇ ಯೂನಿಟ್ ಶುರುವಾಗಿಲ್ಲ, ಇಂಟರ್ನಲ್ಸ್‌ಗೆ ಎರಡು ವಾರ ಇದೆ, ಇಷ್ಟು ಕ್ಲಾಸ್ ನಡೆದಿಲ್ಲ" ಅಂತ ತಾರೀಖು ಹಾಕಿ ಬರೆಯಿರಿ. ಮೊದಲು ಅದೇ ಲೆಕ್ಚರರ್ ಹತ್ತಿರ ಇಬ್ಬರು ಮೂವರು ಹೋಗಿ ಮರ್ಯಾದೆಯಿಂದ ಕೇಳಿ. ಆಗಲಿಲ್ಲವೆಂದರೆ ಸಿ.ಆರ್. (ಕ್ಲಾಸಿನ ಪ್ರತಿನಿಧಿ) ಜೊತೆ ಎಚ್‌ಒಡಿ (ವಿಭಾಗದ ಮುಖ್ಯಸ್ಥರು), ಆಮೇಲೆ ಪ್ರಿನ್ಸಿಪಾಲರು. ಅದರ ಜೊತೆಗೇ ಸಿಲಬಸ್ ತೆಗೆದು ಯೂನಿಟ್ ಹಂಚಿಕೊಂಡು ಓದಲು ಶುರು ಮಾಡಿ. ದೂರು ಗೆಲ್ಲುವ ತನಕ ಕಾದರೆ ಪರೀಕ್ಷೆ ಕಾಯುವುದಿಲ್ಲ.

ಉಪನ್ಯಾಸಕರಿಗೆ ಒಂದು ಮಾತು. ಹುಡುಗರು ಹೀಗೆ ಬರೆದುಕೊಂಡು ಬಂದರೆ ಮುಖ ಗಂಟಿಕ್ಕಬೇಡಿ. ಜವಾಬ್ದಾರಿ ತಗೊಳ್ಳಿ ಅಂತ ಹೇಳಿದ್ದು ನಾವೇ ತಾನೇ?

ಗುಂಪಾಗಿ ಓದಿದರೆ ಒಳ್ಳೆಯದಾ?

ಮೂರು ನಾಲ್ಕು ಜನ ಇದ್ದರೆ, ಪ್ರತಿಯೊಬ್ಬರೂ ಒಂದು ಟಾಪಿಕ್ ಓದಿಕೊಂಡು ಬಂದು ಹೇಳಿಕೊಟ್ಟರೆ ಒಳ್ಳೆಯದು. ಎಂಟು ಜನ ಸೇರಿದರೆ ಅದು ಟ್ರಿಪ್ ಪ್ಲಾನ್ ಆಗುತ್ತದೆ.

ಫೋನು, ಚಾಟ್‌ಜಿಪಿಟಿ ಬಳಸಿಕೊಳ್ಳಬಹುದಾ?

ಬೇಡ ಅಂದರೂ ಬಳಸುತ್ತಾರೆ. 2022ರ ಕೊನೆಯಲ್ಲಿ ಅದು ಬಂದಮೇಲೆ ಅಸೈನ್‌ಮೆಂಟುಗಳ ಇಂಗ್ಲಿಷ್ ಒಮ್ಮೆಲೇ ಸುಧಾರಿಸಿದ್ದು ನಮಗೂ ಕಾಣುತ್ತದೆ. ಹುಡುಗರಿಗೆ ನಾನು ಹೇಳುವುದು ಒಂದೇ: ಮೊದಲು ನೀನು ಬರೆ, ಆಮೇಲೆ ಅದನ್ನು ಕೇಳು. "ಈ ಲೆಕ್ಕ ಬಿಡಿಸಿಕೊಡು" ಅನ್ನುವ ಬದಲು "ನನ್ನ ಈ ಸ್ಟೆಪ್ ಯಾಕೆ ತಪ್ಪು, ಉತ್ತರ ಹೇಳಬೇಡ, ಸುಳಿವು ಕೊಡು" ಅಂತ ಕನ್ನಡದಲ್ಲೇ ಕೇಳಬಹುದು. ಅದು ಧೈರ್ಯವಾಗಿ ತಪ್ಪು ಹೇಳುವುದೂ ಉಂಟು. ಹೇಳಿದ್ದನ್ನು ಟೆಕ್ಸ್ಟ್‌ಬುಕ್ ಜೊತೆ ತಾಳೆ ನೋಡಬೇಕು. ನಾವು ಮಾಡಬೇಕಾದ್ದು ಅಸೈನ್‌ಮೆಂಟ್ ತಗೊಂಡು ಎರಡು ನಿಮಿಷ ಬಾಯಲ್ಲಿ ಪ್ರಶ್ನೆ ಕೇಳುವುದು. ಅಲ್ಲಿ ಎಲ್ಲ ಗೊತ್ತಾಗುತ್ತದೆ.

ಚೆನ್ನಾಗಿ ಬರೆದಿದ್ದೆ, ಮಾರ್ಕ್ಸ್ ಬಂದಿಲ್ಲ. ವ್ಯಾಲ್ಯುವೇಶನ್ ಸರಿ ಇಲ್ಲ ಅನ್ಸುತ್ತೆ.

ಇರಬಹುದು. ಅನುಮಾನ ಇಟ್ಟುಕೊಂಡು ಕೂರುವ ಬದಲು ಉತ್ತರಪತ್ರಿಕೆಯ ಜೆರಾಕ್ಸ್ ತರಿಸಿಕೊಳ್ಳಿ. ಯೂನಿವರ್ಸಿಟಿಗಳಲ್ಲಿ ಫೀಸು ಕಟ್ಟಿ ಫೋಟೊಕಾಪಿ, ರೀವ್ಯಾಲ್ಯುವೇಶನ್ ಕೇಳುವ ವ್ಯವಸ್ಥೆ ಇದೆ, ಕೊನೇ ದಿನಾಂಕ ನೋಡಿಕೊಳ್ಳಿ. ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡುವ ಹಕ್ಕು ವಿದ್ಯಾರ್ಥಿಗೆ ಇದೆ ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಪತ್ರಿಕೆ ಕೈಗೆ ಬಂದಮೇಲೆ ಕೂಡಿಸುವ ತಪ್ಪು ಹುಡುಕಿ ಬಿಟ್ಟುಬಿಡುತ್ತಾರೆ. ಅಲ್ಲಿಗೆ ನಿಲ್ಲಬೇಡಿ. ಹೋದ ಪ್ರತಿ ಮಾರ್ಕಿನ ಪಕ್ಕ ಕಾರಣ ಬರೆಯಿರಿ: ಗೊತ್ತಿರಲಿಲ್ಲ, ಗೊತ್ತಿತ್ತು ಬರೆಯಲಿಲ್ಲ, ಪ್ರಶ್ನೆ ತಪ್ಪಾಗಿ ಓದಿದೆ, ಟೈಮ್ ಸಾಕಾಗಲಿಲ್ಲ. ಟೈಮ್ ಸಾಕಾಗದವರಿಗೆ ಇನ್ನಷ್ಟು ಓದಿನಿಂದ ಪ್ರಯೋಜನ ಇಲ್ಲ. ಅವರು ಗಡಿಯಾರ ಇಟ್ಟುಕೊಂಡು ಹಳೇ ಪೇಪರ್ ಬರೆಯಬೇಕು.

ನಾವು ಅಪ್ಪ ಅಮ್ಮ. ದಿನಾ ಫೋನ್ ಮಾಡಿ "ಓದಿದ್ಯಾ" ಅಂತ ಕೇಳ್ತೀವಿ. ಸರೀನಾ?

ಕೇಳಿ, ಆದರೆ ಆ ಪ್ರಶ್ನೆ ಬೇಡ. ಅದಕ್ಕೆ "ಹೂಂ" ಬಿಟ್ಟು ಬೇರೆ ಉತ್ತರ ಇಲ್ಲ. "ಈ ವಾರ ಯಾವುದು ಕಷ್ಟ ಆಯ್ತು ಮಗಾ? ಯಾರನ್ನ ಕೇಳ್ದೆ?" ಅಂತ ಕೇಳಿ ನೋಡಿ. ವಿಷಯ ನಿಮಗೆ ಗೊತ್ತಿರಬೇಕು ಅಂತೇನಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸದ ತಾಯಿಯೊಬ್ಬರು ಮಗಳಿಗೆ "ಇವತ್ತು ಕಲ್ತಿದ್ದು ನಂಗೆ ಹೇಳು" ಅಂತ ಒಲೆ ಮುಂದೆ ಕೂರಿಸಿಕೊಳ್ಳುತ್ತಿದ್ದರು. ಯಾವ ಟ್ಯೂಷನ್ನಿಗೂ ಅದು ಕಮ್ಮಿ ಇರಲಿಲ್ಲ.

ಮಗನ ಪರವಾಗಿ ಕಾಲೇಜಿಗೆ ಬಂದು ಅಟೆಂಡೆನ್ಸ್ ಕೇಳುವುದನ್ನು ಮಾತ್ರ ಬಿಡಿ. ಅವನೇ ಬರಲಿ. ಬಂದಾಗ ಅವನ ಕೈಕಾಲು ನಡುಗಿದರೂ ಪರವಾಗಿಲ್ಲ. ಮತ್ತೆ, ಪಕ್ಕದ ಮನೆಯವರ ಮಗ ಬೆಂಗಳೂರಿನಲ್ಲಿ ಎಷ್ಟು ಸಂಬಳ ತಗೋತಾನೆ ಅನ್ನುವ ಸುದ್ದಿ ಪರೀಕ್ಷೆ ತಿಂಗಳಿನಲ್ಲಿ ಬೇಡ.

ನಾಲ್ಕು ಬ್ಯಾಕ್‌ಲಾಗ್ ಇದೆ. ಎಲ್ಲಿಂದ ಶುರು ಮಾಡೋದು?

ನಾಲ್ಕನ್ನೂ ಒಟ್ಟಿಗೆ ಹಿಡಿಯಬೇಡಿ. ಪಾಸ್ ಮಾರ್ಕಿಗೆ ಹತ್ತಿರ ಬಂದು ನಿಂತದ್ದು ಯಾವುದು, ಮುಂದಿನ ಸೆಮ್‌ನ ವಿಷಯಕ್ಕೆ ತಳಪಾಯ ಆಗಿರುವುದು ಯಾವುದು ಅಂತ ಎರಡನ್ನು ಆರಿಸಿ, ಅದಕ್ಕೆ ವಾರದ ದಿನ ಗೊತ್ತುಮಾಡಿ. ಉಳಿದೆರಡಕ್ಕೆ ಫೀಸು ಕಟ್ಟಿದರೂ ಮನಸ್ಸು ಕಟ್ಟಬೇಡಿ. ಈಗಿನ ಸೆಮ್ ಕ್ಲಾಸಿಗೆ ಚಕ್ಕರ್ ಹಾಕಿ ಹಳೇದನ್ನು ಓದುವುದು ಮಾತ್ರ ಬೇಡ. ಐದನೆಯದು ಹುಟ್ಟುವುದು ಅಲ್ಲೇ.

ಎಲ್ಲಾ ಮಾಡಿದ್ರೂ ಆಗ್ತಿಲ್ಲ ಅಂದರೆ?

ಆಗ ಸೋಮಾರಿ ಅನ್ನುವ ಮಾತನ್ನು ಬದಿಗಿಡಿ. ಕೆಲವರಿಗೆ ಬುದ್ಧಿ ಚುರುಕಾಗಿದ್ದು ಓದು, ಬರಹ, ಅಂಕಿಗಳಲ್ಲಿ ಮಾತ್ರ ತೊಡಕಿರುತ್ತದೆ. ಡಿಸ್ಲೆಕ್ಸಿಯಾ ಅಂಥದ್ದೊಂದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಸರ್ಟಿಫಿಕೇಟ್ ಇದ್ದರೆ ಅಗತ್ಯಕ್ಕೆ ತಕ್ಕಂತೆ ಬರೆಯುವ ಸಹಾಯಕರು, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿನ ಸಮಯ ಕೇಳಬಹುದು. ಡಿಗ್ರಿಗೆ ಬರುವ ತನಕ ಯಾರೂ ಗುರುತಿಸದೇ ಇರುವುದು ಅಪರೂಪವೇನಲ್ಲ.

ನಿದ್ದೆ ಇಲ್ಲ, ಊಟ ಸೇರಲ್ಲ, ಯಾರ ಹತ್ತಿರವೂ ಮಾತಿಲ್ಲ, ಬದುಕೇ ಬೇಡ ಅನ್ನುವ ಮಾತು ಬಂದರೆ ಅದು ಸ್ಟಡಿ ಟಿಪ್ಸ್ ಕೊಡುವ ಹೊತ್ತಲ್ಲ. 14416ಕ್ಕೆ ಫೋನ್ ಮಾಡಿ ಅಥವಾ ಮಾಡಿಸಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹಾಸನದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಹಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಒಬ್ಬರನ್ನೇ ಕಳಿಸಬೇಡಿ, ಜೊತೆಗೆ ಹೋಗಿ.

ನನ್ನ ಮೆಂಟರ್ ಲಿಸ್ಟಿನಲ್ಲಿ ಬಹಳ ಜನ ಇದ್ದಾರೆ. ಇದಕ್ಕೆಲ್ಲ ಟೈಮ್ ಎಲ್ಲಿ?

ಇಲ್ಲ, ನಿಜ. ಮೆಂಟರ್ ಡೈರಿ ಎಷ್ಟೋ ಕಡೆ ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬಂದಾಗ ತೋರಿಸಲು ತುಂಬಿಸುವ ಪುಸ್ತಕ ಅಷ್ಟೆ. "ವಿದ್ಯಾರ್ಥಿಗೆ ಸಲಹೆ ನೀಡಲಾಯಿತು" ಅಂತ ಒಂದೇ ವಾಕ್ಯ, ಕೆಳಗೆ ಸಹಿ.

ಡೈರಿ ಬರೆಯುವ ಕೆಲಸವನ್ನು ಹುಡುಗರಿಗೇ ಕೊಡಿ. ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ನಾಲ್ಕು ಕಾಲಂ: ಎಲ್ಲಿ ಸಿಕ್ಕಿಕೊಂಡೆ, ಏನು ಮಾಡಿ ನೋಡಿದೆ, ಯಾರನ್ನು ಕೇಳಿದೆ, ಏನಾಯ್ತು. ಒಬ್ಬಳ ಪುಟದಲ್ಲಿದ್ದ ಒಂದು ಸಾಲು ಹೀಗೆ: "ಕೋರಿಲೇಷನ್ ಲೆಕ್ಕ, ಉತ್ತರ 1.3 ಬಂತು. 1ಕ್ಕಿಂತ ಜಾಸ್ತಿ ಬರಬಾರದು ಅಂತ ಬುಕ್ಕಲ್ಲಿದೆ. ಮತ್ತೆ ಮಾಡಿದೆ, ಅದೇ ಬಂತು. ಫೈನಲ್ ಇಯರ್ ಅಕ್ಕನ್ನ ಕೇಳಿದೆ. ವೈ ಸ್ಕ್ವೇರ್ ಕಾಲಂ ಕೂಡಿಸುವಾಗ ಒಂದು ಸಾಲು ಬಿಟ್ಟುಬಿಟ್ಟಿದ್ದೆ." ಈ ಸಾಲಿಗೆ ನಾನು ಮಾಡಬೇಕಾದ ಕೆಲಸ ಏನೂ ಇರಲಿಲ್ಲ, ನೋಡಿ ಸಹಿ ಹಾಕಿದೆ.

ಎಲ್ಲರನ್ನೂ ಪ್ರತಿ ವಾರ ಕೂರಿಸಿಕೊಳ್ಳಬೇಡಿ. ಹದಿನೈದು ದಿನಕ್ಕೊಮ್ಮೆ ಪುಟ ಮಾತ್ರ ತಿರುವಿ ಹಾಕಿ. ನಾಲ್ಕನೇ ಕಾಲಂ ತುಂಬುತ್ತಿರುವವರನ್ನು ಅವರ ಪಾಡಿಗೆ ಬಿಡಿ. ಮೊದಲ ಕಾಲಂನಲ್ಲಿ ಒಂದೇ ವಿಷಯ ಮತ್ತೆ ಮತ್ತೆ ಬರುತ್ತಿರುವವರನ್ನು ಕರೆದು ಮಾತಾಡಿ. ಪುಟ ಪೂರ್ತಿ ಖಾಲಿ ಇಟ್ಟವರನ್ನು ಅವರಿಗಿಂತ ಮೊದಲು ಕರೆಯಿರಿ.